ಅನ್ನಾ ಮಣಿಯವರ ಪ್ರಕಟಣೆಗಳ ಪಟ್ಟಿಯನ್ನು ಓದುವುದು ಹೇಗೆ?

ಬಿಸಿಲುಮಚ್ಚು

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮ ವಿಭಾಗದ ಗೋಡೆಗೆ ಈ ಸಲ ವಿಜ್ಞಾನಿಗಳ ಫೋಟೊ, ಪ್ರಶಸ್ತಿ, ಬಿರುದು ಬಾವಲಿ ಏನೂ ಬೇಡ, ಅವರು ಬರೆದದ್ದರ ಪಟ್ಟಿ ಮಾತ್ರ ಹಾಕೋಣ ಅಂತ ತೀರ್ಮಾನವಾಯಿತು. ನನ್ನ ಪಾಲಿಗೆ ಬಂದವರು ಭೌತವಿಜ್ಞಾನಿ, ಹವಾಮಾನ ಉಪಕರಣಗಳ ತಜ್ಞೆ ಅನ್ನಾ ಮಣಿ (1918–2001).

ಪಟ್ಟಿ ಮಾಡಲು ಕೂತು ತಲೆ ಕೆಟ್ಟಿದೆ. 1940ರ ದಶಕದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಒಬ್ಬರೇ ಬರೆದ ಪ್ರಬಂಧಗಳಿವೆ. ಆಮೇಲೆ ಕೆಲವು ವರ್ಷ ಹೆಚ್ಚುಕಡಿಮೆ ಮೌನ. ಮತ್ತೆ ಕಾಣಿಸಿಕೊಳ್ಳುವುದು ಹವಾಮಾನ ಇಲಾಖೆಯ ಪತ್ರಿಕೆಯಲ್ಲಿ. 60, 70ರ ದಶಕದಲ್ಲಿ ಓಝೋನ್, ವಾತಾವರಣದ ಮಬ್ಬು, ಸೌರ ವಿಕಿರಣ. ನಿವೃತ್ತಿಯಾದ ಮೇಲೆ ಇಟ್ಟಿಗೆ ಗಾತ್ರದ ಕೈಪಿಡಿಗಳು, ಒಳಗೆ ಪುಟಗಟ್ಟಲೆ ಅಂಕಿ. ಕೊನೆಗೆ ಗಾಳಿ! ಇದೆಲ್ಲ ಒಬ್ಬರದೇ ಕೆಲಸ ಅಂತ ನಂಬುವುದೇ ಕಷ್ಟ. ಅದರ ಮೇಲೆ "ಎ. ಮಣಿ" ಅಂತ ಹುಡುಕಿದರೆ ಆ ಹೆಸರಿನ ಕೆಮಿಸ್ಟ್ರಿಯವರು, ಡಾಕ್ಟರುಗಳು, ಎಂಜಿನಿಯರುಗಳು ಎಲ್ಲರೂ ಒಟ್ಟಿಗೆ ಎದ್ದು ಬರುತ್ತಾರೆ.

ಸ್ಟಾಫ್ ರೂಮಿನಲ್ಲಿ ಒಬ್ಬರು ನೋಡಿ "ಪೇಪರ್ ಕಡಿಮೆ, ಡೇಟಾ ಜಾಸ್ತಿ" ಅಂದುಬಿಟ್ಟರು. ನನಗೆ ಉತ್ತರ ಹೊಳೆಯಲಿಲ್ಲ. ಪಟ್ಟಿಯಲ್ಲಿ ಯಾವುದನ್ನು ಮೇಲೆ ಇಡಲಿ? ಗೊತ್ತಿದ್ದವರು ಹೇಳಿ.

ವಜ್ರಕಾಯ

ಮೇಡಂ, ನಾನು ಸ್ಪೆಕ್ಟ್ರೋಸ್ಕೋಪಿಯವನು (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ವಿದ್ಯೆ), ಹಾಗಾಗಿ ಮೊದಲ ಕಂತಿನ ಬಗ್ಗೆ ಮಾತ್ರ ಹೇಳಬಲ್ಲೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿಎಸ್‌ಸಿ ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ) ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಆಗ ರಾಮನ್ ಅವರಿಗೆ ವಜ್ರದ ಹುಚ್ಚು. ಭಾರತದ್ದು, ಆಫ್ರಿಕಾದ್ದು ಅಂತ ನೂರಾರು ವಜ್ರ ಕೂಡಿಹಾಕಿದ್ದರು. ಹರಳಿನೊಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆ ಅನ್ನುವ ವಿಷಯದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಜೊತೆ ದೊಡ್ಡ ಜಗಳವೇ ನಡೆದಿತ್ತು. ಆ ಜಗಳಕ್ಕೆ ಬೇಕಾದ ಪುರಾವೆಗಾಗಿ ಪ್ರಯೋಗಾಲಯದ ವಿದ್ಯಾರ್ಥಿಗಳೆಲ್ಲ ವಜ್ರದ ಹಿಂದೆ ಬಿದ್ದಿದ್ದರು.

ಮಣಿಯವರು ಮೂವತ್ತಕ್ಕೂ ಹೆಚ್ಚು ವಜ್ರಗಳ ಪ್ರತಿದೀಪ್ತಿ (ಬೆಳಕು ಬಿದ್ದಾಗ ಹರಳು ತಾನೇ ಹೊಮ್ಮಿಸುವ ಬೆಳಕು), ಹೀರಿಕೆ ಮತ್ತು ರಾಮನ್ ರೋಹಿತಗಳನ್ನು ದಾಖಲಿಸಿದರು. ಆ ಬೆಳಕು ಎಷ್ಟು ಕ್ಷೀಣ ಅಂದರೆ ಒಂದು ಫೋಟೊ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬಿಡಬೇಕಿತ್ತು. ಸಾಯಂಕಾಲ ಪ್ಲೇಟು ಇಟ್ಟರೆ ರಾತ್ರಿಯಿಡೀ ಅಲ್ಲೇ ಠಿಕಾಣಿ. 1942ರಿಂದ 45ರ ನಡುವೆ ವಜ್ರ ಮತ್ತು ಮಾಣಿಕ್ಯದ ಮೇಲೆ ಐದು ಪ್ರಬಂಧ, ಐದರಲ್ಲೂ ಅವರದೊಂದೇ ಹೆಸರು. ಇಂದಿನ ಲೆಕ್ಕದಲ್ಲಿ ಒಳ್ಳೇ ಪಿಎಚ್‌ಡಿಗೆ ಬೇಕಾದಷ್ಟಾಯಿತು.

ಪಿಎಚ್‌ಡಿ ಮಾತ್ರ ಬರಲಿಲ್ಲ. 1945ರ ಆಗಸ್ಟ್‌ನಲ್ಲಿ ಮಹಾಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು (ಟಾಟಾ ಇನ್‌ಸ್ಟಿಟ್ಯೂಟಿನ ಕೆಲಸಕ್ಕೆ ಆಗ ಪದವಿ ಕೊಡುತ್ತಿದ್ದದ್ದು ಅದು). ಎಂಎಸ್‌ಸಿ ಆಗಿಲ್ಲ ಅನ್ನುವ ಕಾರಣಕ್ಕೆ ಪದವಿ ಕೊಡಲಿಲ್ಲ. ಅದರ ಪ್ರತಿ ಈಗಲೂ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಕೊಡಿ. ದಯವಿಟ್ಟು ಹೆಸರಿನ ಹಿಂದೆ "ಡಾ." ಹಾಕಬೇಡಿ, ಎಷ್ಟೋ ಲೇಖನಗಳಲ್ಲಿ ಧಾರಾಳವಾಗಿ ಹಾಕಿದ್ದಾರೆ.

ಬಿಸಿಲುಮಚ್ಚು

ಅಂದರೆ 45ರ ನಂತರದ ಮೌನಕ್ಕೆ ಇದೇ ಕಾರಣವಾ?

ವಜ್ರಕಾಯ

ಅಲ್ಲ. ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಫಿಸಿಕ್ಸ್ ಮುಂದುವರಿಸುವ ಆಸೆ, ಖಾಲಿ ಇದ್ದದ್ದು ಹವಾಮಾನ ಉಪಕರಣಗಳ ತರಬೇತಿ ಮಾತ್ರ. ಅದನ್ನೇ ಕಲಿತು 1948ರಲ್ಲಿ ವಾಪಸು ಬಂದು ಪುಣೆಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ವಜ್ರದ ಕಥೆ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಇಲಾಖೆಯವರೇ ಹೇಳಬೇಕು.

ಹಳೇ ಅಬ್ಸರ್ವರ್

ಕರೆದಿದ್ದಕ್ಕೆ ಬಂದೆ. ವೀಕ್ಷಣಾಲಯಗಳಲ್ಲೇ ಸರ್ವಿಸ್ ಸವೆಸಿದವನು ನಾನು. ಮಣಿಯವರ ಕೈಕೆಳಗೆ ಕೆಲಸ ಮಾಡಿದವನಲ್ಲ, ಆದರೆ ಅವರ ವಿಭಾಗ ಮಾಡಿಟ್ಟು ಹೋದ ಉಪಕರಣಗಳ ಜೊತೆ ಬದುಕಿದವನು.

ಸ್ವಾತಂತ್ರ್ಯ ಬಂದಾಗ ಸರಳವಾದ ಥರ್ಮಾಮೀಟರಿಗೂ ನಾವು ವಿದೇಶದ ಕಡೆ ನೋಡಬೇಕಾದ ಸ್ಥಿತಿ. ಇಲಾಖೆಯ ಎಸ್.ಪಿ. ವೆಂಕಟೇಶ್ವರನ್ ಅವರು ಪುಣೆಯಲ್ಲಿ ವರ್ಕ್‌ಶಾಪ್ ಕಟ್ಟಿದರು. 1953ರಲ್ಲಿ ಮಣಿಯವರು ವಿಭಾಗದ ಮುಖ್ಯಸ್ಥೆಯಾದಾಗ ಕೈಕೆಳಗೆ 121 ಗಂಡಸರು. ಹತ್ತಿರಹತ್ತಿರ ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲೇ ತಯಾರಿಗೆ ಹಚ್ಚಿದರು. ನೀವು ಮಾಡುತ್ತಿರುವ ಪಟ್ಟಿಯಲ್ಲಿ ಇದರಲ್ಲಿ ಒಂದೂ ಬರುವುದಿಲ್ಲ, ಯಾಕೆಂದರೆ ನಕ್ಷೆಗೆ ಲೇಖಕರ ಹೆಸರಿರುವುದಿಲ್ಲ.

ಆಮೇಲೆ ಹಲವು ದೇಶಗಳು ಕೂಡಿ ಭೂಮಿಯ ಅಳತೆಗಳನ್ನು ಮಾಡಿದ ಅಂತರರಾಷ್ಟ್ರೀಯ ಭೂಭೌತ ವರ್ಷ, 1957ರ ಜುಲೈಯಿಂದ 58ರ ಡಿಸೆಂಬರ್‌ವರೆಗೆ. ಆ ಹೊತ್ತಿಗೆ ದೇಶದಲ್ಲಿ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಹಾಕಿದರು. "ಡೇಟಾ ಜಾಸ್ತಿ" ಅಂದರಲ್ಲ ನಿಮ್ಮ ಸ್ಟಾಫ್ ರೂಮಿನವರು, ಆ ಡೇಟಾ ಹೇಗೆ ಬರುತ್ತೆ ಅಂತ ಸ್ವಲ್ಪ ಹೇಳುತ್ತೇನೆ.

ಅತಿ ಸರಳ ಉಪಕರಣದಿಂದ ಶುರುಮಾಡೋಣ, ಬಿಸಿಲಿನ ಅವಧಿ ಬರೆಯುವ ಗಾಜಿನ ಗುಂಡು. ಕ್ಯಾಂಪ್‌ಬೆಲ್–ಸ್ಟೋಕ್ಸ್ ಅಂತಾರೆ. ಗುಂಡಿನ ಹಿಂದೆ ಒಂದು ಕಾರ್ಡು. ಬಿಸಿಲು ಗುಂಡಿನಲ್ಲಿ ಕೇಂದ್ರೀಕೃತವಾಗಿ ಕಾರ್ಡಿನ ಮೇಲೆ ಸುಟ್ಟ ಗೆರೆ ಎಳೆಯುತ್ತೆ, ಮೋಡ ಬಂದರೆ ಗೆರೆ ತುಂಡಾಗುತ್ತೆ. ಕಾರ್ಡಿನಲ್ಲೂ ಮೂರು ತರ: ಬೇಸಿಗೆಗೆ ಉದ್ದದ ಬಾಗಿದ್ದು, ಚಳಿಗಾಲಕ್ಕೆ ಗಿಡ್ಡ ಬಾಗಿದ್ದು, ಹಗಲು ರಾತ್ರಿ ಸಮ ಇರುವ ತಿಂಗಳಿಗೆ ನೆಟ್ಟಗಿನದು. ಸೂರ್ಯ ಮುಳುಗಿದ ಮೇಲೆ ಕಾರ್ಡು ಬದಲಿಸಬೇಕು. ತುಂಡುಮೋಡದ ದಿನ ಬರೀ ಚುಕ್ಕೆ ಚುಕ್ಕೆಯಾಗಿ ಸುಟ್ಟಿರುತ್ತೆ. ಎರಡು ನಿಮಿಷ ಬಿಸಿಲು ಬಂದರೂ ಚುಕ್ಕೆ ದಪ್ಪ ಆಗುವುದರಿಂದ ಹಾಗೇ ಅಳೆದರೆ ಬಿಸಿಲು ಜಾಸ್ತಿ ಲೆಕ್ಕಕ್ಕೆ ಬರುತ್ತೆ. ಎಷ್ಟು ಕಳೆಯಬೇಕು ಅನ್ನುವುದಕ್ಕೆ ನಿಯಮ ಇದೆ, ಆ ನಿಯಮವನ್ನು ದೇಶದ ಎಲ್ಲ ಅಬ್ಸರ್ವರುಗಳೂ ಒಂದೇ ರೀತಿ ಪಾಲಿಸಬೇಕು. ಇಲ್ಲಾಂದ್ರೆ ಒಂದೂರಿನ ಬಿಸಿಲು ಇನ್ನೊಂದೂರಿಗೆ ತಾಳೆ ಆಗಲ್ಲ.

ಆಕಾಶದ ಎಲ್ಲ ಕಡೆಯಿಂದ ಬೀಳುವ ಬಿಸಿಲು ಅಳೆಯುವ ಪೈರಾನೋಮೀಟರ್ ಇನ್ನೂ ನಾಜೂಕು. ಎರಡು ಗಾಜಿನ ಗುಮ್ಮಟದ ಕೆಳಗೆ ಕಪ್ಪು ಮೇಲ್ಮೈ, ಅದರಡಿ ಬಿಸಿಯ ವ್ಯತ್ಯಾಸವನ್ನು ಕರೆಂಟಾಗಿಸುವ ಥರ್ಮೋಪೈಲ್. ಸುಡು ಮಧ್ಯಾಹ್ನದಲ್ಲೂ ಹೊರಬರುವುದು ಕೆಲವೇ ಮಿಲಿವೋಲ್ಟ್. ಬೆಳಗ್ಗೆ ಗುಮ್ಮಟದ ಇಬ್ಬನಿ, ಧೂಳು, ಕಾಗೆ ಕೃಪೆ ಎಲ್ಲ ಒರೆಸಬೇಕು. ಚದುರಿದ ಬೆಳಕನ್ನು ಬೇರೆಯಾಗಿ ಅಳೆಯಲು ಸೂರ್ಯನನ್ನು ಮರೆಮಾಡುವ ಉಂಗುರ ಇರುತ್ತೆ. ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರಿದಂತೆ ಅದನ್ನೂ ಕೆಲವು ದಿನಕ್ಕೊಮ್ಮೆ ಸರಿಸಬೇಕು. ಒಂದು ವಾರ ಮರೆತರೆ ಆ ವಾರದ ಅಂಕಿ ಕಸದಬುಟ್ಟಿಗೆ.

ಇವೆಲ್ಲಕ್ಕೂ ಮೇಲಿನ ಪ್ರಮಾಣ ಪುಣೆಯಲ್ಲಿದ್ದ, ಸೂರ್ಯನಿಂದ ನೇರ ಬರುವ ಬಿಸಿಲು ಅಳೆಯುವ ಆಂಗ್‌ಸ್ಟ್ರಾಮ್ ಪೈರ್‌ಹೀಲಿಯೋಮೀಟರ್. ಕಪ್ಪು ಬಳಿದ ಎರಡು ಲೋಹದ ಪಟ್ಟಿ. ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು. ನೆರಳಿನ ಪಟ್ಟಿಗೆ ಕರೆಂಟು ಹಾಯಿಸಿ ಎರಡೂ ಸಮ ಬಿಸಿಯಾಗುವಂತೆ ಮಾಡುವುದು, ಆ ಕರೆಂಟಿನಿಂದ ಬಿಸಿಲಿನ ಶಕ್ತಿ ಲೆಕ್ಕ. ದೇಶದ ಎಲ್ಲ ಪೈರಾನೋಮೀಟರುಗಳೂ ಇದರ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ವಾಸಿ ಅನ್ನುವುದು ಮಣಿಯವರ ಖಡಾಖಂಡಿತ ನಿಲುವು.

ಲೆಕ್ಕಪಕ್ಕಾ

ಸರ್, ಬಹಳ ಚೆನ್ನಾಗಿ ಹೇಳಿದಿರಿ, ಓದಿ ಖುಷಿಯಾಯಿತು. ಆದರೂ ಒಂದು ಮಾತು ಹೇಳಲೇಬೇಕು, ಯಾರೂ ಬೇಸರ ಮಾಡ್ಕೋಬೇಡಿ. ಇದು ಒಳ್ಳೆಯ ಆಡಳಿತ, ಒಳ್ಳೆಯ ಎಂಜಿನಿಯರಿಂಗ್. ಸಂಶೋಧನೆಯಾ? ಪ್ರಬಂಧದಲ್ಲಿ ಹೊಸ ವಿಚಾರ ಇರಬೇಕು. ಕೈಪಿಡಿಯಲ್ಲಿರುವುದು ಸಂಕಲನ. ರೈಲ್ವೆ ವೇಳಾಪಟ್ಟಿ ಇಲ್ಲದಿದ್ದರೆ ದೇಶ ನಡೆಯಲ್ಲ, ಹಾಗಂತ ಅದನ್ನು ಮಾಡಿದವರಿಗೆ ನಾವು ಪೇಪರ್ ಬರೆದರು ಅನ್ನುವುದಿಲ್ಲ. ಈಚೆಗೆ ಎಲ್ಲರನ್ನೂ "ಮರೆತುಹೋದ ಮಹಾನ್ ವಿಜ್ಞಾನಿ" ಮಾಡುವ ಚಾಳಿ ಜಾಸ್ತಿಯಾಗಿದೆ. ಪಟ್ಟಿ ಪ್ರಾಮಾಣಿಕವಾಗಿರಲಿ ಅನ್ನುವುದಷ್ಟೇ ನನ್ನ ಕಳಕಳಿ. ವಜ್ರದ ಐದು ಪ್ರಬಂಧ ಮೇಲಿಡಿ, ಉಳಿದದ್ದು ಕೆಳಗೆ.

ಕುಡ್ಲದ ಮೋಡ

ಲೆಕ್ಕಪಕ್ಕಾ ಅವರೇ, 1969ರಲ್ಲಿ ಟೆಲಸ್ ಪತ್ರಿಕೆಯಲ್ಲಿ ಬಂದ ಮಣಿ, ಚಾಕೊ, ಹರಿಹರನ್ ಅವರ ಪ್ರಬಂಧವನ್ನು ನೋಡಿದ್ದೀರಾ? ಭಾರತದ ಸೌರ ವಿಕಿರಣದ ಅಳತೆಗಳಿಂದ ಆಂಗ್‌ಸ್ಟ್ರಾಮ್ ಟರ್ಬಿಡಿಟಿಯನ್ನು (ವಾತಾವರಣದ ಮಬ್ಬಿನ ಅಳತೆ) ಕಂಡುಹಿಡಿಯುವ ಕೆಲಸ. ನಾನು ಏರೋಸಾಲ್ (ಗಾಳಿಯಲ್ಲಿ ತೇಲುವ ಧೂಳು, ಹೊಗೆಯ ಕಣ) ಮೇಲೆ ಸಂಶೋಧನೆ ಮಾಡುತ್ತಿರುವವಳು, ನಮ್ಮ ಕ್ಷೇತ್ರದವರಿಗೆ ಅದು ಹಳೇ ಮನೆಯ ಪಾಯದ ಹಾಗೆ.

ವಾತಾವರಣದ ಹೊರಗೆ ಸೂರ್ಯನಿಗೆ ಎದುರಾಗಿ ಹಿಡಿದ 1 ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬೀಳುತ್ತದೆ. ತಿಳಿಯಾದ ಮಧ್ಯಾಹ್ನ ನೆಲಕ್ಕೆ ಮುಟ್ಟುವುದು ಹೆಚ್ಚೆಂದರೆ 1000ದ ಆಸುಪಾಸು. ಮಧ್ಯೆ ಕಳೆದುಹೋಗುವುದರಲ್ಲಿ ಗಾಳಿಯ ಅಣುಗಳ ಪಾಲೆಷ್ಟು, ಓಝೋನಿನದೆಷ್ಟು, ನೀರಾವಿಯದೆಷ್ಟು, ಧೂಳು ಹೊಗೆಯದೆಷ್ಟು? ಅಣುಗಳ ಪಾಲನ್ನು ಲೆಕ್ಕ ಹಾಕಬಹುದು. ಓಝೋನ್, ನೀರಾವಿಯನ್ನು ಬೇರೆಯಾಗಿ ಅಳೆಯಬಹುದು. ಕೊನೆಗೆ ಉಳಿದದ್ದು ಧೂಳು ಹೊಗೆಯದು, ಅದೇ ಟರ್ಬಿಡಿಟಿ. ಪೈರ್‌ಹೀಲಿಯೋಮೀಟರ್ ಮುಂದೆ ಬಣ್ಣದ ಗಾಜಿನ ಫಿಲ್ಟರ್ ಇಟ್ಟು ರೋಹಿತದ ಯಾವ ಭಾಗ ಎಷ್ಟು ಕಳೆಯಿತು ಅಂತ ನೋಡಿದರೆ ಕಣಗಳ ಪ್ರಮಾಣದ ಅಂದಾಜು ಸಿಗುತ್ತದೆ.

ಬಿಸಿಲುಮಚ್ಚು ಮೇಡಂ, ನಿಮಗೆ ಇವೆಲ್ಲ ಬೇರೆಬೇರೆ ಮನುಷ್ಯರ ಕೆಲಸದಂತೆ ಕಂಡಿತು ಅಂದಿರಲ್ಲ. ನನಗೆ ಅದು ಒಂದೇ ಪ್ರಶ್ನೆಯ ಹಾಗೆ ಕಾಣುತ್ತದೆ. ನೆಲಕ್ಕೆ ಬಿದ್ದ ಬಿಸಿಲು ಎಷ್ಟು, ಬೀಳದೆ ಹೋದದ್ದು ಎಲ್ಲಿಗೆ ಹೋಯಿತು? ಸೌರಶಕ್ತಿಯವರಿಗೆ ಪ್ರಶ್ನೆಯ ಮೊದಲರ್ಧ ಬೇಕು, ವಾತಾವರಣದವರಿಗೆ ಎರಡನೆಯರ್ಧ. 1973ರಲ್ಲಿ ಸೋಲಾರ್ ಎನರ್ಜಿ ಪತ್ರಿಕೆಯ ಒಂದೇ ಸಂಪುಟದಲ್ಲಿ ಅವರ ಎರಡು ಪ್ರಬಂಧಗಳಿವೆ. ಒಂದು ಚಾಕೊ ಅವರ ಜೊತೆ ಭಾರತದ ಸೌರ ವಿಕಿರಣದ ಹವಾಗುಣದ ಮೇಲೆ, ಇನ್ನೊಂದು ವಾತಾವರಣದ ಟರ್ಬಿಡಿಟಿಯ ಮೇಲೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಓಝೋನ್ ಕೂಡ ಇದೇ ದಾರಿಯಲ್ಲಿ ಬಂತು. ಬಲೂನಿನಲ್ಲಿ ಹಾರಿಬಿಡುವ ಓಝೋನ್‌ಸೋಂಡ್ ಅನ್ನು ಪುಣೆಯಲ್ಲೇ ಮಾಡಿದರು. ಪೊಟ್ಯಾಷಿಯಂ ಅಯೊಡೈಡ್ ದ್ರಾವಣದೊಳಗೆ ಗಾಳಿ ಗುಳುಗುಳಿಸಿದಾಗ ಹುಟ್ಟುವ ಸಣ್ಣ ಕರೆಂಟೇ ಅದರಲ್ಲಿ ಓಝೋನಿನ ಅಳತೆ. 1973ರಲ್ಲಿ ಶ್ರೀಧರನ್ ಅವರ ಜೊತೆ ಭಾರತದ ಮೇಲಿನ ಓಝೋನ್ ಲಂಬವಾಗಿ ಹೇಗೆ ಹಂಚಿದೆ ಅಂತ ಬರೆದರು. ಅಂತರರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯೆಯಾಗಿದ್ದದ್ದು ಈ ಕೆಲಸದ ಬಲದ ಮೇಲೆ. 1985ರಲ್ಲಿ ಅಂಟಾರ್ಕ್ಟಿಕದ ಓಝೋನ್ ರಂಧ್ರದ ಸುದ್ದಿ ಬಂದು ಜಗತ್ತೆಲ್ಲ ಓಝೋನ್ ಓಝೋನ್ ಅಂದಾಗ, ಉಷ್ಣವಲಯದ ಮೇಲೆ ಮೊದಲು ಏನಿತ್ತು ಅಂತ ತೋರಿಸಲು ಹಳೆಯ ದಾಖಲೆ ಕೈಯಲ್ಲಿತ್ತು.

ಲೆಕ್ಕಪಕ್ಕಾ

ಟೆಲಸ್ ಪ್ರಬಂಧ ಒಪ್ಪಿದೆ, ಅದು ಸಂಶೋಧನೆಯೇ. ನನ್ನ ತಕರಾರು ಇದ್ದದ್ದು ಕೈಪಿಡಿಗಳ ಬಗ್ಗೆ.

ಗದುಗಿನ ಸೋಲಾರ್

ನಮಸ್ಕಾರ್ರೀ ಎಲ್ಲಾರಿಗೂ. ಪ್ರೊಫೆಸರ್ ಮಂದಿ ನಡುವ ಬಾಯಿ ಹಾಕಾಕತ್ತೇನಿ, ತಪ್ಪ ತಿಳಕೋಬ್ಯಾಡ್ರಿ. ನಂದು ಸೋಲಾರ್ ಪಂಪು, ವಾಟರ್ ಹೀಟರ್ ಹಚ್ಚೋ ಧಂದೆ.

ಕೈಪಿಡಿ ಸಂಶೋಧನೆ ಹೌದೋ ಅಲ್ಲೋ ನನಗ ಗೊತ್ತಿಲ್ರಿ. ನಾವು ಈ ಧಂದೆಕ್ಕ ಇಳದಾಗ ಮೊಬೈಲ್‌ನ್ಯಾಗ ಊರ ಹೆಸರ ಹೊಡದ್ರ ಬಿಸಿಲಿನ ಲೆಕ್ಕ ಬರ್ತಿದ್ದಿಲ್ಲ. ನಮಗ ಕೆಲಸ ಕಲಿಸಿದವರ ಹಂತ್ಯಾಕ ಒಂದು ಝೆರಾಕ್ಸ್ ಇತ್ತು, ಬೈಂಡ್ ಕಿತ್ತು ಹೋಗಿದ್ದು. ಮಣಿ ಮೇಡಮ್ಮರ 1980ರ ಸೌರ ವಿಕಿರಣದ ಕೈಪಿಡಿದು. ಅದರಾಗ ತಾಸ ತಾಸಿನ ಅಂಕಿ ಅದಾವ. ಒಟ್ಟು ಬಿಸಿಲ ಬ್ಯಾರೆ, ಚದುರಿದ್ದು ಬ್ಯಾರೆ.

ಇದೇನ ದೊಡ್ಡ ಮಾತು ಅಂತೀರಿ? ಹೇಳ್ತೇನಿ ಕೇಳ್ರಿ. ಪ್ಯಾನೆಲ್ ಯಾರೂ ನೆಲಕ್ಕ ಸಪಾಟ ಇಡೂದಿಲ್ಲ, ವಾರೆ ಇಡತೇವಿ. ವಾರೆ ಇಟ್ಟಾಗ ಎಷ್ಟ ಬೀಳತೈತಿ ಅಂತ ಲೆಕ್ಕ ಹಾಕಬೇಕಂದ್ರ ನೇರ ಎಷ್ಟು, ಚದುರಿದ್ದು ಎಷ್ಟು ಅಂತ ಬಿಡಿಸಿ ಗೊತ್ತಿರಬೇಕು. ಎರಡನೇದ್ದು, ಕನ್ನಡಿ ಹಚ್ಚಿ ಬಿಸಿಲ ಒಂದ ಕಡೆ ಕೂಡಸೋ ಡಿಶ್ ಕುಕ್ಕರ್ ಇರತಾವಲ್ಲ, ಹಾಸ್ಟೆಲ್ ಅಡಗಿಗೆ, ಅವಕ್ಕ ನೇರ ಬಿಸಿಲ ಮಾತ್ರ ಬೇಕು. ಮಂಗಳೂರಾಗ ಜುಲೈ ತಿಂಗಳಾಗ ಬೆಳಕ ಇರತೈತಿ, ಆದ್ರ ಬಹಳಷ್ಟು ಮೋಡದಾಗ ಚದುರಿದ್ದು. ಪ್ಯಾನೆಲ್ ಒಂದೀಟರ ಕರೆಂಟ್ ಕೊಡತೈತಿ, ಡಿಶ್‌ನ್ಯಾಗ ಅನ್ನ ಬೇಯೂದಿಲ್ಲ. ಗಿರಾಕಿಗೆ ಇದನ್ನ ಮೊದಲ ಹೇಳದಿದ್ರ ಆಮ್ಯಾಲ ಬೈಗುಳ ತಿನ್ನಾಂವ ನಾನ.

ಈಗ ಪಾವಗಡದಾಗ 2050 ಮೆಗಾವ್ಯಾಟ್ ಪಾರ್ಕ್ ಐತಿ. ಅಂಥಾದ್ದಕ್ಕ ಸಾಲ ಕೊಡೋ ಬ್ಯಾಂಕಿನವ್ರು ಮೊದಲ ಕೇಳೂದ ಬಿಸಿಲಿನ ದಾಖಲೆ.

ಕುಡ್ಲದ ಮೋಡ

ಜುಲೈಯ ಮಂಗಳೂರಿನ ಬಗ್ಗೆ ಅಂದದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೆ, ನಮ್ಮಲ್ಲಿ ಹಪ್ಪಳ ಒಣಗುವುದಿಲ್ಲ, ಅನ್ನ ಎಲ್ಲಿಂದ ಬೇಯುವುದು!

ಲೆಕ್ಕಪಕ್ಕಾ ಅವರಿಗೆ ಇನ್ನೊಂದು ವಿಷಯ. ವಿಕಿರಣ ಅಳೆಯುತ್ತಿದ್ದ ಕೇಂದ್ರಗಳು ಕೆಲವೇ. ಮಿಕ್ಕ ಊರುಗಳಲ್ಲಿ ಇದ್ದದ್ದು ಬಿಸಿಲಿನ ಅವಧಿ, ಇಲ್ಲವೇ ಮೋಡದ ದಾಖಲೆ. ಎರಡೂ ಇರುವ ಕಡೆ ಅವುಗಳ ಸಂಬಂಧ ಹಿಡಿದು, ಅದೇ ಸಂಬಂಧವನ್ನು ಬೇರೆ ಊರುಗಳಿಗೆ ಅನ್ವಯಿಸಿ ವಿಕಿರಣ ಎಷ್ಟಿರಬಹುದು ಅಂತ ಲೆಕ್ಕ ಹಾಕಬೇಕು. 1924ರಲ್ಲಿ ಆಂಗ್‌ಸ್ಟ್ರಾಮ್ ಕೊಟ್ಟು 1940ರಲ್ಲಿ ಪ್ರೆಸ್ಕಾಟ್ ತಿದ್ದಿದ ಸೂತ್ರ ಇದಕ್ಕೆ ಬಳಕೆಯಲ್ಲಿದೆ. ಸೂತ್ರ ನೋಡಲು ಸರಳ, ಅದರೊಳಗಿನ ಎರಡು ಸ್ಥಿರಾಂಕಗಳು ಮಾತ್ರ ಊರಿಂದೂರಿಗೆ ಬದಲಾಗುತ್ತವೆ. ಕರಾವಳಿಯದು ಬಯಲುಸೀಮೆಗೆ ಹೊಂದುವುದಿಲ್ಲ. 1980ರ ಕೈಪಿಡಿಯ ನಂತರ ಮಣಿಯವರು ರಂಗರಾಜನ್ ಅವರ ಜೊತೆ ತಂದ ಎರಡನೇ ಪುಸ್ತಕದ ಕೆಲಸ ಇಂಥದ್ದು. ಇದನ್ನು ವೇಳಾಪಟ್ಟಿ ಅನ್ನುವುದಾದರೆ, ರೈಲು ಓಡದ ಊರಿಗೂ ಯಾವ ಹೊತ್ತಿಗೆ ಬರಬಹುದು ಅಂತ ಹೇಳುವ ವೇಳಾಪಟ್ಟಿ ಅನ್ನಬೇಕು.

ಹಳೇ ಅಬ್ಸರ್ವರ್

ಇನ್ನೊಂದು ಸೇರಿಸಿ. ಅಳತೆಗೋಲೇ ಬದಲಾದರೆ? 1956ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ಪೈರ್‌ಹೀಲಿಯೋಮೀಟರ್ ಮಾಪಕ ಅಂತ ಒಂದಿತ್ತು. ಅದರ ಜಾಗಕ್ಕೆ ಬಂದ ವಿಶ್ವ ವಿಕಿರಣ ಪ್ರಮಾಣ ಅದಕ್ಕಿಂತ 2.2% ಮೇಲೆ. ಹಳೆಯ ಪ್ರಬಂಧದ ಅಂಕಿಯನ್ನೂ ಹೊಸ ಕೇಂದ್ರದ ಅಂಕಿಯನ್ನೂ ಸೀದಾ ಪಕ್ಕದಲ್ಲಿಟ್ಟರೆ ಭಾರತದಲ್ಲಿ ಬಿಸಿಲು 2% ಜಾಸ್ತಿಯಾಗಿದೆ ಅಂತ ಯಾರಾದರೂ ಪೇಪರ್ ಬರೆದಾರು! ಯಾವ ಅಂಕಿ ಯಾವ ಮಾಪಕದ್ದು, ಯಾವ ಉಪಕರಣದ್ದು ಅಂತ ಬರೆದಿಟ್ಟವರು ಇದ್ದದ್ದರಿಂದ ಬಚಾವು.

2007ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಇಲಾಖೆಯ 12 ಕೇಂದ್ರಗಳ 1981ರಿಂದ 2004ರವರೆಗಿನ ದಾಖಲೆ ತೆಗೆದು ನೋಡಿದರು. ನೆಲಕ್ಕೆ ಬೀಳುವ ಸೌರ ವಿಕಿರಣ ವರ್ಷಕ್ಕೆ ಚದರ ಮೀಟರಿಗೆ ಸರಾಸರಿ 0.86 ವ್ಯಾಟ್‌ನಂತೆ ಇಳಿಯುತ್ತಿತ್ತು. ಬಿಸಿಲು ಮಂಕಾಗುತ್ತಿದೆ ಅಂತ ಭಾರತದ ಮಟ್ಟಿಗೆ ಅಳತೆಯ ಆಧಾರದ ಮೇಲೆ ಹೇಳಲಾಯಿತು. ಒಂದು ವ್ಯಾಟಿಗಿಂತ ಕಡಿಮೆ ಇರುವ ಬದಲಾವಣೆ ಹಿಡಿಯಬೇಕಾದರೆ ಜಾಲ ಎಷ್ಟು ಶಿಸ್ತಿನಲ್ಲಿರಬೇಕು, ನೀವೇ ಊಹಿಸಿ.

ಲೆಕ್ಕಪಕ್ಕಾ

ಹಾಗಾದರೆ ಮರ್ಯಾದೆ ಜಾಲಕ್ಕೆ ಸಲ್ಲಬೇಕು, ಒಬ್ಬರಿಗೆ ಯಾಕೆ? ಬೆಳಗ್ಗೆ ಗುಮ್ಮಟ ಒರೆಸಿದ ಅಬ್ಸರ್ವರ್ ಹೆಸರು ಯಾವ ಪಟ್ಟಿಯಲ್ಲಿದೆ? 121 ಜನ ಅಂತ ನಾವು ಎಣಿಸುತ್ತೇವೆ, ಒಬ್ಬರ ಹೆಸರೂ ಹೇಳುವುದಿಲ್ಲ. ಕೈಪಿಡಿ ಬೇಡ ಅಂದದ್ದಕ್ಕೆ ನನ್ನ ಮೇಲೆ ಬಿದ್ದಿರಿ, ಸರಿ, ಈಗ ಇದಕ್ಕೆ ಉತ್ತರ ಕೊಡಿ.

ಹಳೇ ಅಬ್ಸರ್ವರ್

ಇದಕ್ಕೆ ಉತ್ತರ ಇಲ್ಲ ಸ್ವಾಮಿ. ನಮ್ಮ ಹೆಸರು ರಿಜಿಸ್ಟರಿನಲ್ಲಿ ಸಹಿಯಾಗಿ ಇದೆ, ಅಷ್ಟೇ. ಆದರೆ ಮಣಿಯವರ ಪಟ್ಟಿಯಲ್ಲಿ ಚಾಕೊ, ಹರಿಹರನ್, ಶ್ರೀಧರನ್, ರಂಗರಾಜನ್ ಅಂತ ಹೆಸರುಗಳು ಮತ್ತೆಮತ್ತೆ ಬರುತ್ತವಲ್ಲ, ಅದನ್ನು ಗಮನಿಸಿ.

ಪುಸ್ತಕದ ಹುಳು

ನಾನು ಗ್ರಂಥಪಾಲಕಿ, ಹಾಗಾಗಿ ಬೇರೆ ಕಡೆಯಿಂದ ಬರುತ್ತೇನೆ. ಬಿಸಿಲುಮಚ್ಚು ಅವರೇ, ನಿಮ್ಮ ಪಟ್ಟಿ ಕುಂಟುತ್ತಿರುವುದಕ್ಕೆ ಅರ್ಧ ಕಾರಣ ಹುಡುಕುವ ಸಲಕರಣೆಗಳೇ. ಪ್ರಬಂಧ ಮತ್ತು ಉಲ್ಲೇಖಗಳನ್ನು ಎಣಿಸಿ ಸಂಶೋಧಕರನ್ನು ಅಳೆಯುವ ಎಚ್-ಇಂಡೆಕ್ಸ್ ಹುಟ್ಟಿದ್ದು 2005ರಲ್ಲಿ, ಮಣಿಯವರು ತೀರಿಕೊಂಡ ಮೇಲೆ. ಆ ಅಳತೆಪಟ್ಟಿಯನ್ನು ಹಿಂದಕ್ಕೆ ಎಳೆದು ಹಿಡಿದರೆ ಬಟ್ಟೆ ಗಿಡ್ಡ ಬರುತ್ತೆ.

ವಜ್ರದ ಪ್ರಬಂಧಗಳನ್ನು ರಾಮನ್ ಅವರೇ 1934ರಲ್ಲಿ ಶುರುಮಾಡಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪ್ರೊಸೀಡಿಂಗ್ಸ್‌ನಲ್ಲಿ ಹುಡುಕಿ. ಇಲಾಖೆಯ ಕಾಲದವನ್ನು ಇಂಡಿಯನ್ ಜರ್ನಲ್ ಆಫ್ ಮೀಟಿಯರಾಲಜಿ ಅಂಡ್ ಜಿಯೋಫಿಸಿಕ್ಸ್‌ನಲ್ಲಿ. ಆ ಪತ್ರಿಕೆಯೇ ಮುಂದೆ "ಮೌಸಮ್" ಆಯಿತು, ಹಾಗಾಗಿ ಹಳೆ ಹೆಸರಿನಲ್ಲಿ ಹುಡುಕಿದವರಿಗೆ ಅರ್ಧ, ಹೊಸ ಹೆಸರಿನಲ್ಲಿ ಹುಡುಕಿದವರಿಗೆ ಇನ್ನರ್ಧ. ಕೈಪಿಡಿಗಳ ಪಾಡು ಇನ್ನೂ ಕಷ್ಟ. ಎರಡನೇ ಪುಸ್ತಕವನ್ನು ಉಲ್ಲೇಖಿಸುವವರು ಕೆಲವರು 1981 ಅಂತಾರೆ, ಕೆಲವರು 1982. ಒಬ್ಬರು ರಂಗರಾಜನ್ ಹೆಸರು ಬಿಡುತ್ತಾರೆ, ಇನ್ನೊಬ್ಬರು ಎರಡು ಪುಸ್ತಕಗಳ ಶೀರ್ಷಿಕೆ ಕಲಸಿಬಿಡುತ್ತಾರೆ. ಯಂತ್ರಕ್ಕೆ ಇವೆಲ್ಲ ಬೇರೆಬೇರೆ ಪುಸ್ತಕ. ಸೋಲಾರ್ ಎಂಜಿನಿಯರಿಂಗ್ ಪಠ್ಯಪುಸ್ತಕದಿಂದ ಅಂಕಿ ತೆಗೆದುಕೊಂಡವರು ಪಠ್ಯಪುಸ್ತಕವನ್ನು ಹೆಸರಿಸುತ್ತಾರೆ, ಮೂಲ ಕೈಪಿಡಿಯನ್ನು ಅಲ್ಲ.

ಗಾಳಿಯನ್ನೂ ಬಿಡಬೇಡಿ. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದರು. ಈ ಊರಲ್ಲೇ ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಪುಟ್ಟ ವರ್ಕ್‌ಶಾಪ್ ನಡೆಸಿದರು. ಮೂಳೆ ಅವರ ಜೊತೆ 1983ರಲ್ಲಿ ಭಾರತದ ಪವನಶಕ್ತಿ ದತ್ತಾಂಶದ ಪುಸ್ತಕ ಬಂತು, ಆಮೇಲೆ ದೇಶದ ಗಾಳಿ ಸಮೀಕ್ಷೆಯ ಸಂಪುಟಗಳು.

ಗದುಗಿನ ಸೋಲಾರ್

ಗಾಳಿ ಅಂದಕೂಡ್ಲೆ ನಮ್ಮ ಗದಗ ನೆನಪಾತ್ರಿ. ಕಪ್ಪತಗುಡ್ಡದ ಕಡೆ ಬಂದ್ ನೋಡ್ರಿ, ಎತ್ತ ನೋಡಿದ್ರೂ ಫ್ಯಾನ್. ಎಲ್ಲಿ ಗಾಳಿ ಐತಿ ಅಂತ ಅಳತಿ ಮಾಡಿದ್ಮ್ಯಾಲೇ ಇಂಥಾವ ಬರ್ತಾವ್ರಿ.

ಬಿಸಿಲುಮಚ್ಚು

ಎಲ್ಲರಿಗೂ ಧನ್ಯವಾದ. ಇಷ್ಟು ಓದಿದ ಮೇಲೆ ವರ್ಷದ ಕ್ರಮದಲ್ಲಿ ಪಟ್ಟಿ ಹಾಕುವ ಯೋಚನೆ ಬಿಟ್ಟೆ. ಬೆಳಕು ಹಿಡಿದದ್ದು (ವಜ್ರ, ಮಾಣಿಕ್ಯ), ಬಿಸಿಲು ಅಳೆದದ್ದು, ಬಿಸಿಲು ಕಳೆದದ್ದು (ಟರ್ಬಿಡಿಟಿ, ಓಝೋನ್), ಗಾಳಿ ಅಳೆದದ್ದು ಅಂತ ನಾಲ್ಕು ಕಂಬ. ಕೈಪಿಡಿಗಳು ಎರಡನೇ ಕಂಬದಲ್ಲಿ ಎಲ್ಲಕ್ಕಿಂತ ಮೇಲೆ. ಸಹಲೇಖಕರ ಹೆಸರು ಒಂದೂ ಬಿಡುವುದಿಲ್ಲ. ವಜ್ರದ ಓಲೆ ಬೇಡ, ವಿಶ್ವಕೋಶ ಬೇಕು ಅಂದ ಬಾಲ್ಯದ ಕಥೆ, ಮೊದಲ ಮಹಿಳೆ ಅನ್ನುವ ಪಟ್ಟ, ಎರಡನ್ನೂ ಹಾಕುತ್ತಿಲ್ಲ. ಹೆಣ್ಣು ಅನ್ನುವ ಕಾರಣಕ್ಕೆ ತಮ್ಮ ಬಗ್ಗೆ ಸದ್ದು ಮಾಡುವುದು ಅವರಿಗೇ ಹಿಡಿಸುತ್ತಿರಲಿಲ್ಲ ಅಂತ ಓದಿದ್ದೇನೆ.

ವಜ್ರಕಾಯ

ಕಥೆ ಬಿಡಿ, ಸರಿ. ಪದವಿ ಸಿಗದ ಮಹಾಪ್ರಬಂಧ ಮಾತ್ರ ಬಿಡಬೇಡಿ, ಅದು ಪಟ್ಟಿಯ ಭಾಗ.

ಲೆಕ್ಕಪಕ್ಕಾ

ಕಂಬದ ಯೋಚನೆ ಚೆನ್ನಾಗಿದೆ. ಕೈಪಿಡಿ ಮೇಲೆ ಯಾಕೆ ಅಂತ ವಿದ್ಯಾರ್ಥಿಗಳು ಕೇಳಿದರೆ ಉತ್ತರ ಇಟ್ಟುಕೊಂಡಿರಿ, ನನ್ನಂಥವರು ಒಬ್ಬರಾದರೂ ಇರುತ್ತಾರೆ.

ಗದುಗಿನ ಸೋಲಾರ್

ಮೇಡಂ, ಹೋಗೂ ಮುಂಚೆ ನಂದೊಂದು ಪ್ರಶ್ನೆ. ಮ್ಯಾಲ ಹೇಳಿದ ಹಳೇ ಪ್ರಬಂಧಗಳನ್ನ ಹುಡುಕಿ ನೋಡಾಕತ್ತೀನಿ. ಅದರಾಗ ದಿನಕ್ಕ 500 ಕ್ಯಾಲೊರಿ ಅಂತೆಲ್ಲಾ ಐತಿ. ನಮಗ ಕಿಲೋವ್ಯಾಟ್ ಅವರ್ ಬೇಕು. ಹೆಂಗ ಬದಲಸೂದು?

ಹಳೇ ಅಬ್ಸರ್ವರ್

ಅದು ಚದರ ಸೆಂಟಿಮೀಟರಿಗೆ ಕ್ಯಾಲೊರಿ, ಲ್ಯಾಂಗ್ಲಿ ಅಂತಿದ್ದೆವು. 11.62ರಿಂದ ಗುಣಿಸಿದರೆ ಚದರ ಮೀಟರಿಗೆ ವ್ಯಾಟ್ ಅವರ್ ಬರುತ್ತೆ. 500 ಅಂದರೆ ಸುಮಾರು 5.8 ಕಿಲೋವ್ಯಾಟ್ ಅವರ್. ಹಳೆಯ ಮಾಪಕದ್ದಾದರೆ ಅದಕ್ಕೆ 2.2% ಸೇರಿಸಿ, 5.9ರ ಮೇಲೆ ಹೋಗುತ್ತೆ. ಪ್ರಬಂಧದಲ್ಲಿ ಮಾಪಕ ಯಾವುದು ಅಂತ ಬರೆದಿದ್ದಾರಾ, ಮೊದಲು ಅದನ್ನು ನೋಡಿ.

ಗದುಗಿನ ಸೋಲಾರ್

ಬರದಾರ್ರೀ. 1956ರದ್ದ.

ಹಳೇ ಅಬ್ಸರ್ವರ್

ಹಾಗಾದ್ರೆ ಸೇರಿಸಿ.